ಆ ಗಡಿಕಲ್ಲಿನಿಂದ ಶುರು ಮಾಡಿ

ನಮಸ್ಕಾರ,

1665ರಲ್ಲಿ ಲಂಡನ್ನಿನಿಂದ ದರ್ಜಿಯೊಬ್ಬನ ಮನೆಗೆ ಬಂದ ಬಟ್ಟೆಯ ಜೊತೆ ಪ್ಲೇಗ್ ಹೊಕ್ಕಿತು ಎನ್ನುವ ಆ ಇಂಗ್ಲಿಷ್ ಹಳ್ಳಿಯ ಬಗ್ಗೆ ನೀವು ಕಳಿಸಿದ ಲೇಖನ ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಹೆಸರು. ಉದ್ದಕ್ಕೂ ‘ಇಯಾಮ್’ ಎಂದಿದ್ದೀರಿ. ಅಲ್ಲಿಯವರ ಬಾಯಲ್ಲಿ ಅದು ‘ಈಮ್’. ಪ್ಯಾರಿಷ್‌ಗೆ ‘ಧರ್ಮಪ್ರಾಂತ್ಯ’ ಬೇಡ, ಅದು ಬಿಷಪ್ಪರ ಕೈಕೆಳಗಿನ ದೊಡ್ಡ ಸೀಮೆ. ಇದು ಒಂದು ಚರ್ಚು, ಅದಕ್ಕೆ ಸೇರಿದ ಊರು, ಅಷ್ಟೇ. ಪ್ಯಾರಿಷ್ ಅಂತಲೇ ಬರೆಯಿರಿ.

ಮೊದಲ ಎರಡು ಪುಟ ಸ್ಯಾಕ್ಸನ್ ಶಿಲುಬೆ, ಸೀಸದ ಗಣಿ. ತಪ್ಪೇನಿಲ್ಲ, ಆದರೆ ಓದುವವನು ಅಷ್ಟರಲ್ಲಿ ಎದ್ದು ಹೋಗಿರುತ್ತಾನೆ. ಕೊನೆಯ ಪುಟದಲ್ಲಿ, ಎರಡೇ ಸಾಲಿನಲ್ಲಿ, ಗಡಿಕಲ್ಲು ಬರುತ್ತದೆ: ಕಲ್ಲಿನಲ್ಲಿ ಆರು ಕುಳಿ, ಕುಳಿಯಲ್ಲಿ ವಿನೆಗರ್, ವಿನೆಗರಿನಲ್ಲಿ ಮುಳುಗಿದ ಕಾಸು. ವಿನೆಗರ್ ಸೋಂಕು ಕಳೆಯುತ್ತದೆ ಎಂಬ ನಂಬಿಕೆಯಿಂದ ಹೊರಗಿನವರು ದಿನಸಿ ಇಟ್ಟು ಆ ಕಾಸು ತೆಗೆದುಕೊಂಡು ಹೋಗುತ್ತಿದ್ದರು, ಮುಖ ನೋಡದೆ. ಇದನ್ನು ಅಲ್ಲಿ ಬಚ್ಚಿಟ್ಟಿದ್ದು ಯಾಕೆ ಮಾರಾಯ್ರೇ? ನಮ್ಮ ಕಡೆ ಪ್ಲೇಗ್ ಬಂದಾಗ ಊರು ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕಿಕೊಂಡ ಕಥೆ ಕೇಳಿ ಬೆಳೆದ ಓದುಗರಿಗೆ, ರೋಗ ಹೊರಗೆ ಹರಡದಿರಲಿ ಎಂದು ಊರೊಳಗೇ ಬಾಗಿಲು ಹಾಕಿಕೊಂಡ ಈ ಜನ ತೀರಾ ಉಲ್ಟಾ ಕಾಣುತ್ತಾರೆ. ಅಲ್ಲೇ ಕುತೂಹಲ ಹುಟ್ಟುವುದು.

ಇನ್ನು ಪಾದ್ರಿ ಮಾಂಪೆಸನ್. ನಿಮ್ಮ ಕೈಯಲ್ಲಿ ಆತ ದೇವರಾಗಿಬಿಟ್ಟಿದ್ದಾನೆ. 1666ರ ಜೂನಿನಲ್ಲಿ ಯಾರೂ ಊರು ದಾಟಬಾರದು ಎಂದ, ಜನ ಒಪ್ಪಿದರು, ಮುಗಿಯಿತು. ಹಾಗೆಲ್ಲ ಯಾರು ಒಪ್ಪುತ್ತಾರೆ? ಆತ ಬಂದದ್ದೇ 1664ರಲ್ಲಿ. ಜನಕ್ಕೆ ನಂಬಿಕೆ ಇದ್ದದ್ದು ಸರ್ಕಾರ ಹೇರಿದ ಪ್ರಾರ್ಥನಾ ಪುಸ್ತಕಕ್ಕೆ ತಲೆಬಾಗದೆ ಹುದ್ದೆ ಕಳೆದುಕೊಂಡ ಹಳೆಯ ಪಾದ್ರಿ ಸ್ಟ್ಯಾನ್ಲಿ ಮೇಲೆ. ಅವರನ್ನು ಜೊತೆಗೆ ನಿಲ್ಲಿಸಿಕೊಂಡ ಮೇಲೇ ಮಾಂಪೆಸನ್ ಮಾತು ನಡೆದದ್ದು. ತನ್ನ ಇಬ್ಬರು ಮಕ್ಕಳನ್ನು ಆತ ಅದಕ್ಕೂ ಮೊದಲೇ ಊರಾಚೆ ಕಳಿಸಿದ್ದ. ಹೆಂಡತಿ ಕ್ಯಾಥರೀನ್ ಉಳಿದಳು, ಆಗಸ್ಟಿನಲ್ಲಿ ಸತ್ತಳು. ಇದನ್ನೆಲ್ಲ ಬಿಟ್ಟರೆ ಮನುಷ್ಯನೇ ಕಾಣುವುದಿಲ್ಲ, ಅಲ್ವಾ?

‘ಮುಕ್ಕಾಲು ಊರು ಅಳಿಯಿತು’ ಎಂಬ ಸಾಲು ತೆಗೆಯಿರಿ. ಸತ್ತವರು ಸುಮಾರು 260. ಊರಲ್ಲಿ 350 ಜನ ಇದ್ದರು ಎಂಬ ಹಳೆಯ ಲೆಕ್ಕದಿಂದ ಹುಟ್ಟಿದ ಮಾತು ಅದು. ಈಚಿನ ಸಂಶೋಧಕರು 700ರ ಹತ್ತಿರ ಅನ್ನುತ್ತಾರೆ.

ಎಲಿಜಬೆತ್ ಹ್ಯಾನ್ಕಾಕ್ ಎಂಟು ದಿನದಲ್ಲಿ ಗಂಡನನ್ನೂ ಆರು ಮಕ್ಕಳನ್ನೂ ತಾನೇ ಹೂತಳು. ಅಲ್ಲಿ ಸುಮ್ನೆ ‘ಕಣ್ಣೀರಿನ ಕಡಲು’, ‘ವಿಧಿಯಾಟ’ ಎಲ್ಲ ಸುರಿದಿದ್ದೀರಿ. ಒಂದೂ ಬೇಡ.

900 ಪದಕ್ಕೆ ಇಳಿಸಿ ಮತ್ತೆ ಕಳಿಸಿ. ಸ್ಯಾಕ್ಸನ್ ಶಿಲುಬೆ ಬೇಕೇ ಬೇಕು ಅನ್ನಿಸಿದರೆ ಫೋಟೊ ಕೆಳಗೆ ಒಂದು ಸಾಲು ಹಾಕೋಣ.