ಎದೆಬಡಿತದ ಏರುಪೇರು, ಲಕ್ವದ ಭಯ: ಆಸ್ಪಿರಿನ್ ಸಾಕೇ?

ಪ್ರಶ್ನೆ: ನನ್ನ ತಂದೆಯವರಿಗೆ 72 ವರ್ಷ, ಬಿ.ಪಿ. ಮತ್ತು ಸಕ್ಕರೆ ಕಾಯಿಲೆ ಎರಡೂ ಇವೆ. ಕಳೆದ ವರ್ಷ ಇಸಿಜಿಯಲ್ಲಿ ಏಟ್ರಿಯಲ್ ಫಿಬ್ರಿಲೇಶನ್ (ಎದೆಬಡಿತದ ಏರುಪೇರು) ಕಂಡುಬಂದಾಗ ಹೃದ್ರೋಗ ತಜ್ಞರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಪಿಕ್ಸಬಾನ್ ಮಾತ್ರೆ ಬರೆದುಕೊಟ್ಟರು. ರಕ್ತ ತೆಳುವಾದರೆ, ಬಿದ್ದಾಗ ತಲೆಯೊಳಗೆ ರಕ್ತಸ್ರಾವವಾಗುತ್ತದೆಂದು ಬಂಧುಗಳು ಹೆದರಿಸಿದ್ದರಿಂದ ಅದನ್ನು ಬಿಟ್ಟು ಆಸ್ಪಿರಿನ್ ನುಂಗುತ್ತಿದ್ದಾರೆ. ಈಗ ಎದೆಬಡಿತವೂ ಸರಿಯಾಗಿದೆ ಎನ್ನುತ್ತಾರೆ. ಇಷ್ಟು ಸಾಕೇ?
– ಓದುಗರೊಬ್ಬರು, ಸಾಗರ

ಉತ್ತರ: ಸಾಲದು. ಹೃದಯದ ಮೇಲಿನ ಕೋಣೆಗಳಾದ ಹೃತ್ಕರ್ಣಗಳು ಕ್ರಮವಾಗಿ ಕುಗ್ಗದೆ ಬರಿದೇ ಅದುರುತ್ತಿರುವಾಗ, ಎಡ ಹೃತ್ಕರ್ಣಕ್ಕೆ ಹೊಂದಿಕೊಂಡ ಕಿರುಚೀಲದಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಕಳಚಿಕೊಂಡು ಹೋಗಿ ಮೆದುಳಿನ ರಕ್ತನಾಳವನ್ನು ಮುಚ್ಚಿದರೆ ಲಕ್ವ ಹೊಡೆಯುತ್ತದೆ. ಈ ತೊಂದರೆಯುಳ್ಳವರಲ್ಲಿ ಲಕ್ವದ ಸಂಭವ ಉಳಿದವರಿಗಿಂತ ಸುಮಾರು 5 ಪಟ್ಟು ಹೆಚ್ಚು. ಆಸ್ಪಿರಿನ್ ಮುಖ್ಯವಾಗಿ ಪ್ಲೇಟ್‌ಲೆಟ್ ಎಂಬ ರಕ್ತಕಣಗಳ ಮೇಲೆ ಕೆಲಸ ಮಾಡುವುದರಿಂದ ಇಂತಹ ಹೆಪ್ಪನ್ನು ತಡೆಯುವ ಶಕ್ತಿ ಅದಕ್ಕೆ ಕಡಿಮೆ.

ಆಸ್ಪಿರಿನ್ ಸೌಮ್ಯವಾದುದು, ಹೆಪ್ಪುನಿರೋಧಕ ಮಾತ್ರೆ ಅಪಾಯಕಾರಿ ಎಂಬ ನಂಬಿಕೆ ಮನೆಗಳಲ್ಲಿ ಮಾತ್ರವಲ್ಲ, ಕೆಲವು ವೈದ್ಯರಲ್ಲಿಯೂ ಇದೆ. ಹಳೆಯ ಬಗೆಯ ಹೆಪ್ಪುನಿರೋಧಕವಾದ ವಾರ್ಫರಿನ್ ಒಗ್ಗದ ಐದೂವರೆ ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ ಅಪಿಕ್ಸಬಾನ್ ಮತ್ತು ಆಸ್ಪಿರಿನ್‌ಗಳನ್ನು ಹೋಲಿಸಿ 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಪಿಕ್ಸಬಾನ್ ಪಡೆದವರಲ್ಲಿ ಲಕ್ವದ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು. ಗಂಭೀರ ರಕ್ತಸ್ರಾವದಲ್ಲಿ ಮಾತ್ರ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಯಾರಿಗೆ ಈ ಮಾತ್ರೆ ಬೇಕೆಂಬುದನ್ನು ವೈದ್ಯರು ಅಂಕಗಳ ಮೂಲಕ ನಿರ್ಧರಿಸುತ್ತಾರೆ. ನಿಮ್ಮ ತಂದೆಯವರಿಗೆ 65 ದಾಟಿದ ವಯಸ್ಸಿಗೆ ಒಂದು, ಬಿ.ಪಿ.ಗೆ ಒಂದು, ಸಕ್ಕರೆ ಕಾಯಿಲೆಗೆ ಒಂದು, ಹೀಗೆ 3 ಅಂಕಗಳಾಗುತ್ತವೆ. ಗಂಡಸರಲ್ಲಿ 2 ಅಂಕಗಳಾದರೇ ಚಿಕಿತ್ಸೆ ಬೇಕೆನ್ನುತ್ತಾರೆ. ಎದೆಬಡಿತ ಸರಿಯಾಗಿದೆ ಎಂಬ ಅನಿಸಿಕೆಗೆ ಈ ಲೆಕ್ಕದಲ್ಲಿ ಸ್ಥಾನವಿಲ್ಲ, ಏಕೆಂದರೆ ಏರುಪೇರು ಅರಿವಿಗೆ ಬಾರದೆ ಬಂದುಹೋಗುತ್ತಿರಬಹುದು.

ಬೀಳುವ ಭಯ ಸಹಜ. ಆದರೆ ಅದೊಂದೇ ಕಾರಣಕ್ಕೆ ಮಾತ್ರೆ ನಿಲ್ಲಿಸುವುದು ಸಾಮಾನ್ಯವಾಗಿ ನಷ್ಟದ ವ್ಯವಹಾರ. ರಕ್ತಸ್ರಾವದ ಅಪಾಯವನ್ನು ತಗ್ಗಿಸಲು ಬಿ.ಪಿ.ಯನ್ನು ಹತೋಟಿಯಲ್ಲಿಡಬೇಕು, ಮದ್ಯಪಾನವನ್ನು ದೂರವಿಡಬೇಕು, ಮಂಡಿನೋವಿಗೆಂದು ಡೈಕ್ಲೊಫೆನಾಕ್, ಐಬುಪ್ರೊಫೆನ್‌ಗಳನ್ನು ಔಷಧದಂಗಡಿಯಿಂದ ತಂದು ನುಂಗುವುದನ್ನು ನಿಲ್ಲಿಸಬೇಕು. ಈ ವಾರವೇ ತಜ್ಞರನ್ನು ಕಂಡು, ಹಿಮೋಗ್ಲೋಬಿನ್ ಮತ್ತು (ಮೂತ್ರಪಿಂಡದ ಕೆಲಸ ತಿಳಿಸುವ) ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ, ಮಾತ್ರೆಯನ್ನು ಮತ್ತೆ ಆರಂಭಿಸುವುದರ ಜೊತೆಗೆ ಆಸ್ಪಿರಿನ್ ಬಿಡುವ ವಿಷಯವನ್ನೂ ಕೇಳಿ. ಸ್ಟೆಂಟ್‌ನಂತಹ ಬೇರೆ ಕಾರಣವಿಲ್ಲದಿದ್ದರೆ ಎರಡೂ ಒಟ್ಟಿಗೆ ಬೇಕಾಗುವುದಿಲ್ಲ. ಹೆದರಿಕೆಯಿಂದ ಪ್ರಮಾಣವನ್ನು ಅರ್ಧಕ್ಕಿಳಿಸುವುದೂ ಬೇಡ. ಅಪಿಕ್ಸಬಾನ್‌ನ ಪರಿಣಾಮ ಹೆಚ್ಚು ಕಾಲ ಉಳಿಯದ ಕಾರಣ, ಬೆಳಿಗ್ಗೆ ಮತ್ತು ರಾತ್ರಿಯ ಎರಡೂ ಮಾತ್ರೆಗಳು ತಪ್ಪಬಾರದು.

ಪ್ರಶ್ನೆ: ನನಗೆ ರುಮ್ಯಾಟಿಕ್ ಜ್ವರದಿಂದ ಹೃದಯದ ಮೈಟ್ರಲ್ ಕವಾಟ ತೀರಾ ಕಿರಿದಾಗಿದೆ; ರಕ್ತ ಹೆಪ್ಪುಗಟ್ಟದಂತೆ ಅಸಿಟ್ರೋಮ್ ತೆಗೆದುಕೊಳ್ಳುತ್ತಿದ್ದೇನೆ. ಹೊಸ ಮಾತ್ರೆಗೆ ಬದಲಾಯಿಸಿಕೊಳ್ಳಬಹುದೇ? ಸೊಪ್ಪು ತಿನ್ನಬಾರದೇ?
– ಓದುಗರೊಬ್ಬರು, ಗದಗ

ಉತ್ತರ: ಬದಲಾಯಿಸಬೇಡಿ. ರುಮ್ಯಾಟಿಕ್ ಹೃದ್ರೋಗವುಳ್ಳವರಲ್ಲಿ ಹೊಸ ಬಗೆಯ ರಿವರೊಕ್ಸಬಾನ್ ಅನ್ನು ಅಸಿಟ್ರೋಮ್‌ನಂತಹ ಹಳೆಯ ಬಗೆಯ ಮಾತ್ರೆಗಳೊಂದಿಗೆ ಹೋಲಿಸಿ 2022ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಹಳೆಯ ಮಾತ್ರೆಗಳನ್ನು ಪಡೆದವರಲ್ಲೇ ಸಾವುಗಳು ಕಡಿಮೆಯಿದ್ದವು. ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯವನ್ನು ಅಳೆಯುವ ಐ.ಎನ್.ಆರ್. ಅನ್ನು 2 ಮತ್ತು 3ರ ನಡುವೆ ಕಾಯ್ದುಕೊಳ್ಳುವುದು ನಿಮ್ಮ ಗುರಿಯಾಗಿರಲಿ. ಸೊಪ್ಪು ಬಿಡಬೇಕಿಲ್ಲ, ಒಂದು ವಾರ ದಿನವೂ ಪಾಲಕ್, ಮುಂದಿನ ವಾರ ಏನೂ ಇಲ್ಲ ಎಂಬಂತಾಗದೆ, ವಾರದಿಂದ ವಾರಕ್ಕೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿನ್ನಿ. ಹಲ್ಲು ಕೀಳಿಸುವಾಗ ದಂತವೈದ್ಯರಿಗೆ ಈ ಮಾತ್ರೆಯ ವಿಷಯವನ್ನು ಮೊದಲೇ ತಿಳಿಸಿ, ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ.