ಹಳೆ ಡ್ರಮ್ ಮಷೀನಿಗೆ ಸರ್ಕ್ಯೂಟ್ ಬೆಂಡಿಂಗ್ ಮಾಡಿದರೆ ಸುಟ್ಟುಹೋಗುತ್ತಾ?

ಬಳ್ಳಾರಿಯ ಆರ್ಕೆಸ್ಟ್ರಾದವರೊಬ್ಬರಿಂದ ರೋಲ್ಯಾಂಡ್ ಟಿಆರ್-505 ಡ್ರಮ್ ಮಷೀನು ಸಿಕ್ಕಿದೆ ಅಂದಿದ್ದೀರಿ. ಸರ್ಕ್ಯೂಟ್ ಬೆಂಡಿಂಗ್ ಅಂದರೆ ಮಷೀನಿನ ಒಳಗಿನ ಸರ್ಕ್ಯೂಟನ್ನು ವೈರಿನಿಂದ ಬೇಕಂತಲೇ ತಪ್ಪಾಗಿ ಜೋಡಿಸಿ ಹೊಸ ಸದ್ದು ಹೊರಡಿಸೋದು. ಬೆಂಡಿಂಗ್‌ಗೆ ಹೇಳಿ ಮಾಡಿಸಿದ ಮಷೀನು ಅದು, ಧೈರ್ಯವಾಗಿ ಮಾಡಿ.

1986ರ ಈ ಮಷೀನಿನಲ್ಲಿ ಕಿಕ್, ಸ್ನೇರ್, ಕಾಂಗಾ ಹೀಗೆ ಡ್ರಮ್ ಸದ್ದುಗಳೆಲ್ಲವೂ ಮೊದಲೇ ರೆಕಾರ್ಡ್ ಆಗಿ ಮೆಮೊರಿ ಚಿಪ್‌ನಲ್ಲಿ ಕೂತಿವೆ. ಸದ್ದನ್ನು ಎಲ್ಲಿಂದ ಓದಬೇಕು ಅನ್ನೋದನ್ನು ಚಿಪ್‌ನ ಕಾಲುಗಳಲ್ಲಿ ಕೆಲವು, ಅಂದರೆ ಅಡ್ರೆಸ್ ಪಿನ್‌ಗಳು ಹೇಳುತ್ತವೆ. ಅವುಗಳಲ್ಲಿ ಎರಡನ್ನು ವೈರಿನಿಂದ ಮುಟ್ಟಿಸಿದರೆ ಮಷೀನು ತಪ್ಪು ಜಾಗದಿಂದ ಓದುತ್ತದೆ. ಸ್ನೇರ್ ಒತ್ತಿದರೆ ಅರ್ಧ ಸ್ನೇರ್, ಅರ್ಧ ಇನ್ನೇನೋ. ಓದಿದ ಸದ್ದನ್ನು ಹೊರಗೆ ಸಾಗಿಸುವ ಡೇಟಾ ಪಿನ್‌ಗಳನ್ನು ಮುಟ್ಟಿಸಿದರೆ ಸದ್ದೇ ಒಡೆದು ಒರಟಾಗುತ್ತದೆ. ನನಗೆ ಇದೇ ಜಾಸ್ತಿ ಇಷ್ಟ.

ಸುಡೋದು ಎಲ್ಲಿ ಅಂದರೆ ಚಿಪ್‌ಗೆ ಕರೆಂಟ್ ಕೊಡುವ ಪವರ್ ಪಿನ್‌ನಲ್ಲಿ. ಅದು ಕರೆಂಟ್ ವಾಪಸ್ ಹೋಗುವ ಗ್ರೌಂಡ್ ಪಿನ್‌ಗೆ ತಾಗಿದರೆ ಶಾರ್ಟ್ ಆಗಿ ಮಷೀನು ಕೆಡಬಹುದು. ಚಿಪ್‌ನ ಯಾವ ಪಿನ್ ಯಾವುದು ಅಂತ ತಿಳಿಸುವ ಡೇಟಾಶೀಟ್ ನೋಡಿ, ಆ ಎರಡು ಪಿನ್‌ಗೆ ಮೊದಲೇ ನೈಲ್ ಪಾಲಿಶ್ ಹಚ್ಚಿ ಗುರುತು ಮಾಡಿ. ಬ್ಯಾಟರಿಯಲ್ಲೇ ನಡೆಸಿ, ಅಡಾಪ್ಟರ್ ಬೇಡ. ವೈರಿನ ಮಧ್ಯೆ ಕರೆಂಟ್ ಹರಿವನ್ನು ತಗ್ಗಿಸುವ 100 ಓಮ್ ರೆಸಿಸ್ಟರ್ ಹಾಕಿದರೆ ಇನ್ನೂ ಒಳ್ಳೇದು. ನಡುವೆ ಮಷೀನು ಹ್ಯಾಂಗ್ ಆದರೆ ಗಾಬರಿ ಬೇಡ, ಆಫ್ ಮಾಡಿ ಆನ್ ಮಾಡಿ. ಒಳಗೆ ಉಳಿಸಿಟ್ಟ ಪ್ಯಾಟರ್ನ್, ಅಂದರೆ ತಾಳದ ವಿನ್ಯಾಸ, ಮಾತ್ರ ಅಳಿಸಿಹೋಗಬಹುದು.

ಬಿಚ್ಚಿದ ತಕ್ಷಣ ಬ್ರಷ್‌ನಿಂದ ಧೂಳು ತೆಗೆಯಿರಿ, ವಾಲ್ಯೂಮ್ ನಾಬ್‌ಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆಯಿರಿ. ನಮ್ಮ ಬಳ್ಳಾರಿ ಧೂಳು ಗೊತ್ತಲ್ಲ! ಇಲ್ಲದಿದ್ದರೆ ಕರಕರ ಸದ್ದು ಬೆಂಡಿಂಗ್‌ದಾ, ಧೂಳಿಂದಾ ಅಂತ ತಿಳಿಯೋದಿಲ್ಲ. ಚೆನ್ನಾಗಿ ಕೇಳಿಸಿದ ಪಿನ್ ಜೋಡಿಗಳನ್ನು ಬರೆದಿಟ್ಟುಕೊಂಡು, ಆಮೇಲೆ ಒಂದೊಂದಕ್ಕೂ ಸ್ವಿಚ್ ಬೆಸುಗೆ ಹಾಕಿ.