ಓದುಗರ ಪ್ರಶ್ನೆ: ಉಪಗ್ರಹದ ಹಾದಿಯಲ್ಲಿ ಯಾರ ಪಾಲು ಎಷ್ಟು?

ಪ್ರಶ್ನೆ: ನಮ್ಮ ಸಂಘದ ಒಂದು ಶಾಖೆ ಘಟ್ಟದ ಅಂಚಿನಲ್ಲಿದೆ. ಮಳೆಗಾಲದಲ್ಲಿ ಮರ ಬಿದ್ದು ಕೇಬಲ್ ಹರಿಯುವುದು ಮಾಮೂಲು, ಅದಕ್ಕೇ ವಿಸ್ಯಾಟ್ (ಉಪಗ್ರಹದ ಮೂಲಕ ಸಂಪರ್ಕ ಕೊಡುವ ಪುಟ್ಟ ಛತ್ರಿ) ಹಾಕಿಸಿದೆವು. ‘2 ಎಂಬಿಪಿಎಸ್‌ವರೆಗೆ’ ಅಂದಿದ್ದರು. ಸಂಜೆ ಚೆನ್ನಾಗಿ ಓಡುತ್ತದೆ. ಬೆಳಗ್ಗೆ 11ರ ಹೊತ್ತಿಗೆ, ಅದರಲ್ಲೂ ತಿಂಗಳ ಮೊದಲ ವಾರ, ಒಂದು ಪಾಸ್‌ಬುಕ್ ಎಂಟ್ರಿಗೂ ಕಾಯಬೇಕು. ಮಳೆಗೆ ನಿಧಾನವಾದರೆ ಒಪ್ಪೋಣ, ಬಿಸಿಲಿದ್ದಾಗಲೂ ಹೀಗೇಕೆ? ಇದೂ ತೋಟದ ಅಬ್ಬಿ ನೀರಿನ ಸರದಿಯ ಹಾಗೆಯೋ?
– ಸಹಕಾರಿ ಸಂಘವೊಂದರ ಕಾರ್ಯದರ್ಶಿ, ಶಿರಸಿ

ಉತ್ತರ: ಕಾರ್ಯದರ್ಶಿಗಳೇ, ನಿಮ್ಮ ಪಾಲನ್ನು ಯಾರೂ ಕದ್ದಿಲ್ಲ. ನಿಮಗೆ ಮಾರಿದ್ದೇ ಹಂಚಿಕೆಯ ಹಾದಿ. ಅದನ್ನು ಮಾರುವಾಗ ಬಿಡಿಸಿ ಹೇಳಲಿಲ್ಲ, ಅದು ತಪ್ಪು. ಭೂಕೇಂದ್ರಗಳಲ್ಲೇ ನೌಕರಿ ಮಾಡಿ ನಿವೃತ್ತನಾಗಿ ಈಗ ಕಾರವಾರದ ಕೋಡಿಬಾಗದಲ್ಲಿ ಕೂತಿರುವ ನನಗೆ ಇಂಥ ಪತ್ರ ಓದಿದಾಗ ಬೇಸರವಾಗುತ್ತದೆ. ಬಿಡಿಸಿ ಹೇಳುವುದು ಅಷ್ಟೇನೂ ಕಷ್ಟದ ಕೆಲಸವಲ್ಲ.

ನಿಮ್ಮ ಛತ್ರಿ ನೇರವಾಗಿ ಶಿರಸಿಯ ಮುಖ್ಯ ಕಚೇರಿಯೊಡನೆ ಮಾತಾಡುವುದಿಲ್ಲ. ಉಪಗ್ರಹದ ಮೂಲಕ ‘ಹಬ್’ ಎಂಬ ದೊಡ್ಡ ಕೇಂದ್ರದೊಡನೆ ಮಾತಾಡುತ್ತದೆ. ಹಬ್‌ನಿಂದ ನಿಮ್ಮ ಕಡೆ ಬರುವ ಹಾದಿಯಲ್ಲಿ ಜಗಳವಿಲ್ಲ: ಕಳಿಸುವವರು ಒಬ್ಬರೇ. ಎಲ್ಲ ಶಾಖೆಗಳ ಮಾಹಿತಿಯನ್ನೂ ಒಂದರ ಹಿಂದೊಂದು ಪೋಣಿಸಿ ಹಬ್ ಒಂದೇ ಅಲೆಯ ಮೇಲೆ ಕಳಿಸುತ್ತದೆ. ನೂರಾರು ಛತ್ರಿಗಳು ಅದನ್ನೇ ಕೇಳುತ್ತವೆ, ತನ್ನ ವಿಳಾಸ ಇದ್ದುದನ್ನು ಎತ್ತಿಕೊಂಡು ಉಳಿದದ್ದನ್ನು ಬಿಡುತ್ತವೆ. ತೊಡಕು ಇರುವುದು ತಿರುಗಿ ಹೋಗುವ ಹಾದಿಯಲ್ಲಿ. ಅಲ್ಲಿ ಕಳಿಸುವವರು ನೂರಾರು ಮಂದಿ. ಪುಟ್ಟ ಛತ್ರಿಗಳಿಗೆ ಒಂದರ ಮಾತು ಇನ್ನೊಂದಕ್ಕೆ ಕೇಳಿಸುವಷ್ಟು ಶಕ್ತಿಯಿಲ್ಲ. ಪಕ್ಕದೂರಿನ ಶಾಖೆ ಈಗ ಕಳಿಸುತ್ತಿದೆಯೋ ಇಲ್ಲವೋ ಎಂಬುದು ನಿಮ್ಮ ಮೋಡೆಮ್‌ಗೆ ಗೊತ್ತೇ ಆಗುವುದಿಲ್ಲ.

ಪ್ರತಿ ಶಾಖೆಗೂ ಒಂದು ಕಾಯಂ ಚಾನೆಲ್ ಕೊಟ್ಟುಬಿಡಬಹುದು. ದಿನವಿಡೀ ಮಾಹಿತಿ ಹರಿಯುವ ಕಡೆ ಅದೇ ಸರಿ. ಆದರೆ ಬ್ಯಾಂಕಿನ ಶಾಖೆಯ ಕೆಲಸ ಹಾಗಲ್ಲ. ಒಂದು ಎಂಟ್ರಿಗೆ ಬೇಕಾದದ್ದು ಕೆಲವು ನೂರು ಅಕ್ಷರ, ಆಮೇಲೆ ಗುಮಾಸ್ತರು ಮುಂದಿನ ಚೀಟಿ ನೋಡುವವರೆಗೆ ಏನೂ ಇಲ್ಲ. ಕಾಯಂ ಚಾನೆಲ್ ಅಷ್ಟೂ ಹೊತ್ತು ಖಾಲಿ ಬಿದ್ದಿರುತ್ತದೆ, ಬಾಡಿಗೆ ಮಾತ್ರ ಓಡುತ್ತಿರುತ್ತದೆ.

ಅದಕ್ಕೇ ಸರದಿ. ಒಂದೇ ಚಾನೆಲನ್ನು ಮಿಲಿ ಸೆಕೆಂಡುಗಳ ಸ್ಲಾಟ್‌ಗಳಾಗಿ ಕತ್ತರಿಸುತ್ತಾರೆ. ಯಾವ ಸ್ಲಾಟ್ ಯಾರಿಗೆ ಎಂದು ಹಬ್ ಸಾರುತ್ತದೆ. ಟಿಡಿಎಂಎ ಎಂದರೆ ಇದೇ. ಈಗಿನ ಜಾಲಗಳಲ್ಲಿ ಇಂಥ ಚಾನೆಲ್‌ಗಳು ಹಲವು ಇರುತ್ತವೆ, ನಿಮ್ಮ ಮೋಡೆಮ್ ಒಂದರಿಂದ ಇನ್ನೊಂದಕ್ಕೆ ಹಾರುತ್ತ ತನ್ನ ಸ್ಲಾಟ್ ಹಿಡಿಯುತ್ತದೆ. ನಿಮ್ಮ ಅಬ್ಬಿ ನೀರಿನ ಹೋಲಿಕೆ ಇಲ್ಲಿಯವರೆಗೆ ಸರಿಯಾಗಿ ಕೂರುತ್ತದೆ: ಬೇಕಾದವರಿಗೆ ನೀರು, ಬೇಡದವರ ಸರದಿ ಮುಂದಿನವರಿಗೆ. ಆದರೆ ತೋಟದಲ್ಲಿ ‘ನೀರು ಈಚೆ ಬಿಡು ಮಾರಾಯಾ’ ಎಂದು ಕೂಗಿದರೆ ಆ ಕ್ಷಣ ಕೇಳಿಸುತ್ತದೆ. ಇಲ್ಲಿ ಕೂಗು ತಲುಪುವುದಕ್ಕೇ ಹೊತ್ತು ಬೇಕು.

ಲೆಕ್ಕ ನೋಡಿ. ಉಪಗ್ರಹ ಭೂಮಧ್ಯರೇಖೆಯ ಮೇಲೆ 35,786 ಕಿ.ಮೀ. ಎತ್ತರದಲ್ಲಿದೆ. ನಿಮ್ಮ ಬೇಡಿಕೆ ಮೇಲೆ ಹೋಗಿ ಹಬ್‌ಗೆ ಇಳಿಯಲು ಬೆಳಕಿನ ವೇಗದಲ್ಲೂ ಸುಮಾರು 0.24 ಸೆಕೆಂಡ್. ‘ಈ ಸ್ಲಾಟ್ ನಿಮ್ಮದು’ ಎಂಬ ಉತ್ತರ ಬರಲು ಮತ್ತೆ 0.24. ಆಮೇಲೆ ನಿಮ್ಮ ಎಂಟ್ರಿ ಹೊರಟು ತಲುಪಲು ಇನ್ನೊಂದು 0.24. ಅಂದರೆ ಹಾದಿಯಲ್ಲಿ ನೀವೊಬ್ಬರೇ ಇದ್ದರೂ, ಕೇಳಿ ಪಡೆದು ಕಳಿಸಲು ಮುಕ್ಕಾಲು ಸೆಕೆಂಡ್. ಯಾವ ಕಂಪನಿಯ ಯಾವ ಉಪಕರಣ ತಂದರೂ ಇದು ಕಡಿಮೆಯಾಗದು.

ಇನ್ನೊಂದು ಪ್ರಶ್ನೆ ಉಳಿಯಿತು: ‘ನನಗೆ ಸ್ಲಾಟ್ ಬೇಕು’ ಎಂದು ಕೇಳುವುದಕ್ಕೂ ಒಂದು ಸ್ಲಾಟ್ ಬೇಕಲ್ಲ? ಇದಕ್ಕೆ ಉತ್ತರ ಸಿಕ್ಕಿದ್ದು ಹವಾಯಿ ದ್ವೀಪಗಳಲ್ಲಿ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಏಬ್ರಮ್‌ಸನ್ ಮತ್ತು ಜೊತೆಗಾರರು 1971ರಲ್ಲಿ ದ್ವೀಪಗಳ ನಡುವೆ ರೇಡಿಯೊ ಮೂಲಕ ಕಂಪ್ಯೂಟರ್ ಜೋಡಿಸುವ ಅಲೋಹಾ ಜಾಲ ಕಟ್ಟಿದರು. ನಿಯಮ ಬಲು ಸರಳ: ಕಳಿಸಬೇಕೆನಿಸಿದಾಗ ಕಳಿಸು, ಉತ್ತರ ಬರದಿದ್ದರೆ ಇನ್ನೊಬ್ಬರದ್ದಕ್ಕೆ ಡಿಕ್ಕಿಯಾಗಿದೆ ಎಂದು ತಿಳಿದು, ಮನಸ್ಸಿಗೆ ಬಂದಷ್ಟು ಹೊತ್ತು ಬಿಟ್ಟು ಮತ್ತೆ ಕಳಿಸು. ಇದರಲ್ಲಿ ಚಾನೆಲ್‌ನ ಹೆಚ್ಚೆಂದರೆ ಶೇ. 18.4 ಭಾಗ ಮಾತ್ರ ಉಪಯೋಗಕ್ಕೆ ಬರುತ್ತದೆ. ಎಲ್ಲರೂ ಸ್ಲಾಟ್‌ನ ಆರಂಭದಲ್ಲೇ ಕಳಿಸಬೇಕು ಎಂದು ಕಟ್ಟು ಹಾಕಿದರೆ ಇದು ಎರಡರಷ್ಟು, ಶೇ. 36.8 ಆಗುತ್ತದೆ. ಆ ಅತ್ಯುತ್ತಮ ಸ್ಥಿತಿಯಲ್ಲೂ ನೂರು ಸ್ಲಾಟ್‌ಗಳಲ್ಲಿ ಸುಮಾರು 37 ಖಾಲಿ, 37ರಲ್ಲಿ ಗೆಲುವು, 26ರಲ್ಲಿ ಡಿಕ್ಕಿ. ಅದಕ್ಕಿಂತ ಹೆಚ್ಚು ಮಂದಿ ನುಗ್ಗಿದರೆ ಡಿಕ್ಕಿ ಏರುತ್ತ, ಗೆಲುವು ಇಳಿಯುತ್ತ ಹೋಗುತ್ತದೆ. ಹಾಗಾಗಿ ಸಾಮಾನ್ಯವಾಗಿ ಈ ವಿಧಾನವನ್ನು ಪುಟ್ಟ ಬೇಡಿಕೆಗಳಿಗೆ ಮೀಸಲಿಟ್ಟು, ದೊಡ್ಡ ಮಾಹಿತಿಯನ್ನು ಹಬ್ ಕೊಟ್ಟ ಸ್ಲಾಟ್‌ನಲ್ಲಿ ಕಳಿಸುತ್ತಾರೆ.

(ಎಲ್ಲರೂ ಒಟ್ಟಿಗೇ, ಒಂದೇ ತರಂಗಾಂತರದಲ್ಲಿ, ಬೇರೆ ಬೇರೆ ಕೋಡ್‌ನಲ್ಲಿ ಮಾತಾಡುವ ದಾರಿಯೂ ಉಂಟು. ಜಿಲ್ಲಾ ಕೇಂದ್ರಗಳನ್ನು ದೆಹಲಿಗೆ ಜೋಡಿಸಿದ ಸರ್ಕಾರಿ ಕಂಪ್ಯೂಟರ್ ಜಾಲ ನಿಕ್‌ನೆಟ್ 1980ರ ದಶಕದಲ್ಲಿ ಹಿಡಿದದ್ದು ಅದನ್ನೇ.)

ಈಗ ನಿಮ್ಮ 11 ಗಂಟೆ. ತಿಂಗಳ ಮೊದಲ ವಾರ ನಿಮ್ಮ ಶಾಖೆಗೆ ಜನ ಬರುವ ಹೊತ್ತಿಗೇ ಅದೇ ಚಾನೆಲ್‌ನ ಉಳಿದ ಶಾಖೆಗಳಿಗೂ ಬರುತ್ತಾರೆ. ಹಬ್ ಮೊದಲು ಎಲ್ಲರಿಗೂ ಖಾತರಿಯ ಪಾಲು ಕೊಡುತ್ತದೆ, ಆಮೇಲೆ ಕೇಳಿದವರಿಗೆ ಕೇಳಿದಷ್ಟು, ಮಿಕ್ಕಿದ್ದನ್ನು ಯಾರಿಗಾದರೂ. ಸಂಜೆ ನಿಮಗೆ ಸಿಗುವ ವೇಗದಲ್ಲಿ ಬಹುಪಾಲು ಆ ಮಿಕ್ಕಿದ್ದೇ. 11ಕ್ಕೆ ಅದು ಇರುವುದಿಲ್ಲ. ಉಳಿಯುವುದು ಖಾತರಿಯ ಪಾಲು, ಅದು ಎಷ್ಟೆಂದು ನಿಮ್ಮ ಪತ್ರದಲ್ಲಿಲ್ಲ. ಬಹುಶಃ ನಿಮಗೆ ಯಾರೂ ಹೇಳಿಯೇ ಇಲ್ಲ.

ಬಿಸಿಲಿದ್ದಾಗ ನಿಧಾನವಾಗಲು ಇನ್ನೊಂದು ಕಾರಣವಿದೆ, ಇದನ್ನು ಕೇಳಿದವರು ಕಡಿಮೆ. ನಿಮ್ಮದು ಕೆಯು ಬ್ಯಾಂಡ್ (ಉಪಗ್ರಹಗಳು ಬಳಸುವ ಒಂದು ತರಂಗ ಪಟ್ಟಿ) ಆಗಿದ್ದರೆ, ಮೇಲೆ ಹೋಗುವ ಅಲೆ 14 ಗಿಗಾಹರ್ಟ್ಸ್‌ನದು, ದೊಡ್ಡ ಮಳೆ ಅದನ್ನೂ ಇಳಿದು ಬರುವ ಅಲೆಯನ್ನೂ ಹೀರುತ್ತದೆ. ಅದಕ್ಕಿಂತ ಕಡಿಮೆ ಕಂಪನದ ಸಿ ಬ್ಯಾಂಡ್‌ಗೆ ಈ ಕಾಟ ತೀರಾ ಕಡಿಮೆ, ಆದರೆ ಛತ್ರಿ ದೊಡ್ಡದು ಬೇಕು. ಮಳೆಯಲ್ಲಿ ಸಿಕ್ಕ ಕೇಂದ್ರದ ಸಂಪರ್ಕ ಕಡಿಯದಿರಲಿ ಎಂದು ಹಬ್ ಅದಕ್ಕೆ ಮಾತ್ರ ಗಟ್ಟಿಯಾದ, ನಿಧಾನದ ರೀತಿಯಲ್ಲಿ ಕಳಿಸುತ್ತದೆ. ಉಪಗ್ರಹ ಪ್ರಸಾರದ ಡಿವಿಬಿ-ಎಸ್2 ಪದ್ಧತಿಯಲ್ಲಿ ಒಳ್ಳೆಯ ಹವೆಯಲ್ಲಿ ಒಂದು ಸಂಕೇತಕ್ಕೆ (ಅಲೆಯ ಒಂದು ಮಿಡಿತಕ್ಕೆ) 2.2 ಬಿಟ್ ಹೋಗುತ್ತಿದ್ದರೆ ಮಳೆಯಲ್ಲಿ 1 ಬಿಟ್‌ಗೆ ಇಳಿಯಬಹುದು. ಅಷ್ಟೇ ಮಾಹಿತಿಗೆ ಎರಡರಷ್ಟು ಸಮಯ! ಆ ಸಮಯ ಬರುವುದು ಎಲ್ಲರ ಹಾದಿಯಿಂದ. ಕುಮಟಾ, ಭಟ್ಕಳ, ಸಿದ್ದಾಪುರಗಳಲ್ಲಿ ಜಡಿಮಳೆ ಹೊಡೆಯುವಾಗ ನಿಮ್ಮಲ್ಲಿ ಬಿಸಿಲಿದ್ದರೂ ನಿಮ್ಮ ಪಾಲು ಸೊರಗುತ್ತದೆ. ಒಂದೇ ಚಾನೆಲ್‌ನಲ್ಲಿ ಬರೀ ನಮ್ಮ ಜಿಲ್ಲೆಯ ಶಾಖೆಗಳನ್ನು ತುಂಬುವುದಕ್ಕಿಂತ ರಾಜಸ್ಥಾನದವೂ ಬೆರೆತಿದ್ದರೆ ನಮಗೆ ಒಳ್ಳೆಯದು. ಎಲ್ಲರ ಮಳೆ ಒಟ್ಟಿಗೇ ಬರುವುದಿಲ್ಲ.

ನಿಧಾನವಾದಾಗ ಮೋಡೆಮ್‌ನ ಪುಟ ತೆರೆದು ಸಿಗ್ನಲ್ ಅಂಕಿ ಬರೆದಿಡಿ. ಅಂಕಿ ಬಿದ್ದಿದ್ದರೆ ತೊಂದರೆ ನಿಮ್ಮ ಮಳೆಯದ್ದು ಅಥವಾ ಛತ್ರಿಯದ್ದು. ಅಂಕಿ ಎಂದಿನಂತೆಯೇ ಇದ್ದರೆ ಹಂಚಿಕೆಯದ್ದು. ಒಂದು ತಿಂಗಳು ಹೀಗೆ ಬರೆದು ಆ ಹಾಳೆ ಹಿಡಿದು ಕಂಪನಿಯವರ ಮುಂದೆ ಕೂರಿ. ಹೋಗುವ ಮತ್ತು ಬರುವ ಎರಡೂ ದಿಕ್ಕಿಗೆ ಬೇರೆ ಬೇರೆಯಾಗಿ ಖಾತರಿಯ ವೇಗ ಎಷ್ಟು, ಒಂದು ಚಾನೆಲ್‌ಗೆ ಎಷ್ಟು ಕೇಂದ್ರ, ಇವನ್ನು ಕರಾರಿನಲ್ಲೇ ಬರೆಸಿ. ‘ವರೆಗೆ’ ಎಂಬ ಅಂಕಿ ನೋಡಿ ಸಹಿ ಹಾಕಬೇಡಿ. ಶಾಖೆಯ ಸಿಸಿಟಿವಿ ಈ ಹಾದಿಯಲ್ಲೇ ಹೋಗುತ್ತಿದ್ದರೆ ಇಂದೇ ತೆಗೆಸಿ, ಕಂಪ್ಯೂಟರ್ ಅಪ್‌ಡೇಟ್ ರಾತ್ರಿಗೆ ಹಾಕಿಸಿ.

ಪ್ರಶ್ನೆ: ಒಂದು ಕೇಂದ್ರ ಹತ್ತಿರ, ಒಂದು ದೂರ ಇರುತ್ತದಲ್ಲ? ಎಲ್ಲರೂ ಹೇಳಿದ ಕ್ಷಣಕ್ಕೇ ಕಳಿಸಿದರೂ ಉಪಗ್ರಹಕ್ಕೆ ಹಿಂದೆ ಮುಂದೆ ತಲುಪಿ ಸ್ಲಾಟ್ ಕೆಡುವುದಿಲ್ಲವೇ? ಹತ್ತನೆಯ ತರಗತಿಯ ಹುಡುಗಿ ಕೇಳಿದಳು, ನನಗೆ ಹೇಳಲಾಗಲಿಲ್ಲ.
– ವಿಜ್ಞಾನ ಶಿಕ್ಷಕಿ, ಹೊನ್ನಾವರ

ಉತ್ತರ: ಅಕ್ಕೋರೇ, ಆ ಹುಡುಗಿಗೆ ನನ್ನ ಶಾಬಾಸ್ ತಿಳಿಸಿ. ಎಂಜಿನಿಯರುಗಳೂ ಮೊದಲು ಕೇಳಬೇಕಾದ ಪ್ರಶ್ನೆ ಇದು.

ಇಸ್ರೋದ ಸಂಪರ್ಕ ಉಪಗ್ರಹ ಜಿಸ್ಯಾಟ್-18 ಇರುವುದು 74 ಡಿಗ್ರಿ ಪೂರ್ವದಲ್ಲಿ. ಕಾರವಾರದ ರೇಖಾಂಶವೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಇಲ್ಲಿಂದ ಅದು ನೇರ ದಕ್ಷಿಣಕ್ಕೆ, ದಿಗಂತದಿಂದ ಸುಮಾರು 72 ಡಿಗ್ರಿ ಮೇಲೆ. ದೂರ 36,000 ಕಿ.ಮೀ. ಚಿಲ್ಲರೆ. ಲೇಹ್‌ನಿಂದ ಅದೇ ಉಪಗ್ರಹ ಸುಮಾರು 1,000 ಕಿ.ಮೀ. ಹೆಚ್ಚು ದೂರ. ಇಬ್ಬರೂ ಒಂದೇ ಕ್ಷಣಕ್ಕೆ ಕಳಿಸಿದರೆ ಲೇಹ್‌ನ ಸಂಕೇತ 3 ಮಿಲಿ ಸೆಕೆಂಡಿಗೂ ಹೆಚ್ಚು ತಡವಾಗಿ ಮುಟ್ಟುತ್ತದೆ, ಬೇರೆಯವರ ಸ್ಲಾಟ್‌ಗೆ ನುಗ್ಗುತ್ತದೆ. ಆದ್ದರಿಂದ ಛತ್ರಿ ಕೂರಿಸುವಾಗಲೇ ಆ ಜಾಗದ ಅಕ್ಷಾಂಶ ರೇಖಾಂಶಗಳನ್ನು ಮೋಡೆಮ್‌ಗೆ ತುಂಬುತ್ತಾರೆ. ಅದು ತನ್ನ ದೂರ ಲೆಕ್ಕ ಹಾಕಿ, ದೂರವಿದ್ದಷ್ಟೂ ಮುಂಚಿತವಾಗಿ ಕಳಿಸುತ್ತದೆ. ಹಬ್ ಆಮೇಲೂ ‘ಕೊಂಚ ಬೇಗ, ಕೊಂಚ ತಡ’ ಎಂದು ತಿದ್ದುತ್ತಿರುತ್ತದೆ. ಎರಡು ಸ್ಲಾಟ್‌ಗಳ ನಡುವೆ ಸಣ್ಣ ಖಾಲಿ ಜಾಗ ಬಿಟ್ಟಿರುತ್ತಾರೆ. ಕಾರವಾರಕ್ಕೂ ಶಿರಸಿಗೂ ಇರುವ ವ್ಯತ್ಯಾಸ ಬರೀ 20 ಮೈಕ್ರೋ ಸೆಕೆಂಡಿನಷ್ಟು. ತ್ರಿಕೋನಮಿತಿ ಬಂದ ಮೇಲೆ ಮಕ್ಕಳಿಂದಲೇ ಈ ಲೆಕ್ಕ ಮಾಡಿಸಿ.

ಪ್ರಶ್ನೆ: ಕೆಳಗೆ ಹಾರುವ ಹೊಸ ಉಪಗ್ರಹಗಳು ಬಂದರೆ ಈ ಹಂಚಿಕೆ ತಪ್ಪುತ್ತದೆಯೇ?
– ಪದವಿ ವಿದ್ಯಾರ್ಥಿ, ಅಂಕೋಲಾ

ಉತ್ತರ: ಕಾಯುವುದು ತಪ್ಪುತ್ತದೆ, ಹಂಚಿಕೆ ತಪ್ಪುವುದಿಲ್ಲ. 550 ಕಿ.ಮೀ. ಎತ್ತರದ ಉಪಗ್ರಹಕ್ಕೆ ಹೋಗಿಬರಲು ಕೆಲವೇ ಮಿಲಿ ಸೆಕೆಂಡ್ ಸಾಕು. ಆದರೆ ಉಪಗ್ರಹ ಬೀರುವ ಒಂದು ರೇಡಿಯೊ ಕಿರಣದ ಕೆಳಗಿರುವ ಮನೆಗಳೆಲ್ಲ ಆ ಕಿರಣದ ಸಾಮರ್ಥ್ಯವನ್ನೇ ಹಂಚಿಕೊಳ್ಳಬೇಕು.

ಪ್ರಶ್ನೆ: ನಮ್ಮ ಬೋಟಿನಲ್ಲಿ ಇಸ್ರೋದ ಅಪಾಯ ಸೂಚಕ ಪೆಟ್ಟಿಗೆ ಇದೆ. ಗಾಳಿ ಎದ್ದು ಹತ್ತಾರು ಬೋಟಿನವರು ಒಟ್ಟಿಗೆ ಗುಂಡಿ ಒತ್ತಿದರೆ ನಮ್ಮದು ಹೋಗುತ್ತದೆಯೋ?
– ಬೈತ್‌ಕೋಲ್, ಕಾರವಾರ

ಉತ್ತರ: ತಮ್ಮಾ, ಹೆದರಬೇಡ. ಮುಳುಗುವ ಬೋಟಿಗೆ ಸ್ಲಾಟ್ ಕೇಳಿ ಕಾಯುವ ಹೊತ್ತಿಲ್ಲ, ಅದಕ್ಕೇ ಈ ಪೆಟ್ಟಿಗೆ ಯಾರನ್ನೂ ಕೇಳದೆ ಕಳಿಸುತ್ತದೆ. ಸಂದೇಶ ತೀರಾ ಚಿಕ್ಕದು: ನೀನು ಯಾರು, ಎಲ್ಲಿದ್ದೀ, ಏನು ಅಪಾಯ. ಒಮ್ಮೆ ಕಳಿಸಿ ಸುಮ್ಮನಾಗುವುದಿಲ್ಲ, ಬಿಟ್ಟು ಬಿಟ್ಟು ಕಳಿಸುತ್ತಲೇ ಇರುತ್ತದೆ. ಒಂದು ಡಿಕ್ಕಿಯಾದರೂ ಮುಂದಿನದು ಮುಟ್ಟುತ್ತದೆ. 2010ರಿಂದ ಇದು ಬಳಕೆಯಲ್ಲಿದೆ, ಸುದ್ದಿ ಕರಾವಳಿ ಕಾವಲು ಪಡೆಗೆ ಹೋಗುತ್ತದೆ. ಹಳೆಯ ಪೆಟ್ಟಿಗೆಯಲ್ಲಿ ಸುದ್ದಿ ಮುಟ್ಟಿತೋ ಇಲ್ಲವೋ ತಿಳಿಯುತ್ತಿರಲಿಲ್ಲ. 2024ರಲ್ಲಿ ಬಂದ ಎರಡನೇ ಪೀಳಿಗೆಯದರಲ್ಲಿ ‘ಮುಟ್ಟಿತು’ ಎಂಬ ಉತ್ತರ ಬೋಟಿಗೇ ಬರುತ್ತದೆ, ಬ್ಲೂಟೂತ್‌ನಿಂದ ಮೊಬೈಲಿಗೆ ಜೋಡಿಸಿದರೆ ನಮ್ಮ ಭಾಷೆಯಲ್ಲೇ ಓದಬಹುದು. ನಿನ್ನದು ಹಳೆಯದಾಗಿದ್ದರೆ ಮೀನುಗಾರಿಕೆ ಇಲಾಖೆಯಲ್ಲಿ ಹೊಸದರ ಬಗ್ಗೆ ಕೇಳು. ಪೆಟ್ಟಿಗೆಯನ್ನು ಕ್ಯಾಬಿನ್ನಿನ ಒಳಗೆ ಬಲೆಗಳ ಕೆಳಗೆ ಇಡಬೇಡ, ಅದಕ್ಕೆ ಆಕಾಶ ಕಾಣಬೇಕು.